ನಡುಗುವ ಮಾನಿಟರ್ ಮತ್ತು ಜುಂ ಅನ್ನುವ ನಲ್ಲಿ
(ನಮ್ಮ ಕೂಟದ ರಾಜ್ಯೋತ್ಸವ ಸಭೆಯಲ್ಲಿ ಆಡಿದ ಮಾತು)

ನನಗೆ ಭಾಷಣ ಮಾಡಿ ಅಭ್ಯಾಸ ಇಲ್ಲ. ತಿಪಟೂರು ಕಡೆಯವನು, ಸರ್ಕಾರಿ ಐಟಿಐನಲ್ಲಿ ಎರಡು ವರ್ಷ ಎಲೆಕ್ಟ್ರಿಷಿಯನ್ ಟ್ರೇಡ್ ಓದಿದವನು. "ನಿನ್ನ ಕೆಲಸದಲ್ಲಿ ಕಂಡದ್ದು ಏನಾದರೂ ಹೇಳು, ಇಪ್ಪತ್ತು ನಿಮಿಷ ಸಾಕು" ಅಂತ ಕಾರ್ಯದರ್ಶಿಗಳು ಅಂದರು. ಇಪ್ಪತ್ತು ನಿಮಿಷ ಸ್ಟೂಲ್ ಮೇಲೆ ನಿಂತು ವೈರ್ ಎಳೀಬೇಕು ಅಂದಿದ್ದರೆ ಸುಲಭ ಇತ್ತು.

ನಾನು ಹೇಳಬೇಕು ಅಂತಿರೋದು ಹಳೇ ಕಂಪ್ಯೂಟರ್ ಮಾನಿಟರ್ ಬಗ್ಗೆ. ಹಿಂದೆ ಡುಬ್ಬ ಇರುವ, ಇಬ್ಬರು ಹಿಡಿದು ಎತ್ತಬೇಕಾದ, ಗಾಜಿನ ಪಿಕ್ಚರ್ ಟ್ಯೂಬಿನ ಮಾನಿಟರ್. ಈಗ ಅದು ಗುಜರಿಯಲ್ಲೂ ಅಪರೂಪ. ಅದರ ಬಗ್ಗೆ ಈಗ್ಯಾಕೆ ಮಾತು ಅಂತ ಕೇಳಬಹುದು. ಅದು ನಮ್ಮ ಕ್ಯಾಂಪಲ್ಲಿ ಒಂದು ಸಲ ನಮ್ಮ ಜನರ ಜೀವ ಉಳಿಸೋ ಸುದ್ದಿ ಹೇಳಿತ್ತು, ಅದಕ್ಕೆ.

ಮೊದಲು ಆ ಡಬ್ಬದೊಳಗೆ ಏನಾಗುತ್ತೆ ಅಂತ ಸ್ವಲ್ಪ ಹೇಳ್ತೀನಿ. ಟ್ಯೂಬಿನ ಹಿಂದುಗಡೆ ಕತ್ತಿನಲ್ಲಿ ಒಂದು ಗನ್ ಇರುತ್ತೆ. ಅದರಿಂದ ಎಲೆಕ್ಟ್ರಾನ್‌ಗಳು ಸಣ್ಣ ಧಾರೆಯಾಗಿ ಹೊರಡುತ್ತವೆ. ಕಲರ್ ಟ್ಯೂಬಾದರೆ ಸುಮಾರು 25,000 ವೋಲ್ಟ್ ಅವನ್ನ ಮುಂದಕ್ಕೆ ಎಳೆಯುತ್ತೆ. ಗಾಜಿನ ಒಳಮೈಗೆ ಬಳಿದ ಲೇಪಕ್ಕೆ ಹೋಗಿ ಬಡಿದಾಗ ಅಲ್ಲಿ ಬೆಳಕು. ಕತ್ತಿನ ಸುತ್ತ ತಾಮ್ರದ ಸುರುಳಿಗಳಿವೆ, ಅದಕ್ಕೆ ಯೋಕ್ ಅಂತಾರೆ. ಯೋಕ್‌ನ ಕೆಲಸ ಏನೆಂದರೆ ಕರೆಂಟಿನಿಂದ ಅಯಸ್ಕಾಂತದ ಬಲ ಹುಟ್ಟಿಸಿ, ಆ ಧಾರೆಯನ್ನ ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ ಬಾಗಿಸ್ತಾ ಹೋಗೋದು. ನಮ್ಮೂರಲ್ಲಿ ಪೈಪ್ ಹಿಡ್ಕೊಂಡು ತೆಂಗಿನ ಸಸಿಗಳಿಗೆ ನೀರು ಬಿಡುವಾಗ ಕೈ ಅಲ್ಲಾಡಿಸ್ತೀವಲ್ಲ, ಹಾಗೆ. ಇದನ್ನೇ ಸೆಕೆಂಡಿಗೆ 60 ಸಲ, 75 ಸಲ ಮಾಡುತ್ತೆ. ನಮ್ಮ ಕಣ್ಣಿಗೆ ನಿಂತ ಚಿತ್ರ ಕಾಣುತ್ತೆ.

ಈಗ ಯೋಚನೆ ಮಾಡಿ. ಧಾರೆಯನ್ನ ಬಾಗಿಸೋದು ಅಯಸ್ಕಾಂತದ ಬಲ. ಆದರೆ ಆ ಧಾರೆಗೆ ಇದು ನಮ್ಮ ಯೋಕ್‌ನ ಬಲ, ಇದು ಹೊರಗಿನದು ಅಂತ ಭೇದ ಗೊತ್ತಿಲ್ಲ. ಪಕ್ಕದಲ್ಲಿ ಟ್ರಾನ್ಸ್‌ಫಾರ್ಮರ್ ಇರಲಿ, ಗೋಡೆಯೊಳಗೆ ಕೇಬಲ್ ಇರಲಿ, ಅದರ ಮಾತೂ ಕೇಳಿಬಿಡುತ್ತೆ. ಕರೆಂಟು ಹರಿಯುವ ತಂತಿ ದಿಕ್ಸೂಚಿ ಮುಳ್ಳನ್ನ ಅಲ್ಲಾಡಿಸುತ್ತೆ ಅಂತ 1820ರಲ್ಲೇ ಅರ್ಸ್ಟೆಡ್ ಅನ್ನುವ ಡೆನ್ಮಾರ್ಕಿನ ಮೇಷ್ಟ್ರು ಕಂಡಿದ್ದರು. 1897ರಲ್ಲಿ ಇಂಗ್ಲೆಂಡಿನ ಥಾಮ್ಸನ್ ಇದೇ ಥರದ ಧಾರೆಯನ್ನ ಅಯಸ್ಕಾಂತದಿಂದ ಬಾಗಿಸಿ ನೋಡಿದರು. ಅದೇ ವರ್ಷ ಜರ್ಮನಿಯ ಬ್ರೌನ್ ಈ ಟ್ಯೂಬಿನ ಮೊದಲ ರೂಪ ಮಾಡಿದರು. ಅವರಿಗೆ ಅದು ಟಿವಿ ಆಗಿರಲಿಲ್ಲ, ಕರೆಂಟಿನ ಏರಿಳಿತ ನೋಡೋ ಯಂತ್ರ. ಅಂದರೆ ನೋಡಿ, ಪಿಕ್ಚರ್ ಟ್ಯೂಬ್ ಹುಟ್ಟಿದ್ದೇ ಮೀಟರ್ ಆಗಿ. ನಮ್ಮ ಕ್ಯಾಂಪಲ್ಲೂ ಅದು ತನ್ನ ಹಳೇ ಕೆಲಸವನ್ನೇ ಮಾಡ್ತು ಅಂತ ನನಗೆ ಅನ್ನಿಸುತ್ತೆ.

ಇಲ್ಲಿ ಮೂರು ಥರದ ತೊಂದರೆ ಇದೆ, ಜನ ಕಲಸಿಬಿಡ್ತಾರೆ. ಊರಲ್ಲಿ ಅಮ್ಮ ಮಿಕ್ಸಿ ಹಾಕಿದರೆ ಟಿವಿ ತುಂಬ ಚುಕ್ಕೆ ಬರ್ತಿತ್ತಲ್ಲ, ಅದು ಬೇರೆ. ಮಿಕ್ಸಿ ಮೋಟಾರಿನ ಕಾರ್ಬನ್ ಬ್ರಷ್ ಹತ್ತಿರ ಕಿಡಿ ಹಾರಿ ರೇಡಿಯೋ ಗದ್ದಲ ಹುಟ್ಟುತ್ತೆ. ಅದು ಆಂಟೆನಾದಿಂದಲೋ ವೈರಿನಿಂದಲೋ ಟಿವಿಯೊಳಗೆ ಬರುತ್ತೆ. ಇನ್ನೊಂದು, ಫೋನ್ ಬರುವ ಮುಂಚೆ ಸ್ಪೀಕರ್ ಟಿಕಿಟಿಕಿ ಅಂದು ಮಾನಿಟರಲ್ಲಿ ಗೆರೆ ಜುಮುಜುಮು ಅನ್ನೋದು. ಹಳೇ ಟುಜಿ ಫೋನು ಸೆಕೆಂಡಿಗೆ 217 ಸಲ ತುಂಡುತುಂಡಾಗಿ ಸಿಗ್ನಲ್ ಬಿಡುತ್ತೆ, ಆ ಸದ್ದು ಅದರದ್ದು. "ನೋಡ್ಲಾ, ಮನೆಯಿಂದ ಫೋನ್ ಬರುತ್ತೆ ಈಗ" ಅಂತ ನಾವೆಲ್ಲ ರೂಮಲ್ಲಿ ಮೊದಲೇ ಹೇಳ್ತಿದ್ವಿ. ಇವೆರಡೂ ರೇಡಿಯೋ ಜಾತಿ. ನಾನು ಹೇಳ್ತಿರೋದು ಮೂರನೇದು, ನೇರ ಅಯಸ್ಕಾಂತದ ತೊಂದರೆ.

ಅದರಲ್ಲೂ ಎರಡು ಉಂಟು. ಸ್ಥಿರವಾದ ಅಯಸ್ಕಾಂತ ಹತ್ತಿರ ಬಂದರೆ ಕಲರ್ ಕೆಡುತ್ತೆ. ಕಲರ್ ಟ್ಯೂಬಿನ ಮುಂಭಾಗದಲ್ಲಿ ಸಾವಿರಾರು ತೂತಿನ ತೆಳು ಲೋಹದ ಜಾಲರಿ ಇದೆ. ಕೆಂಪಿನ ಧಾರೆ ಕೆಂಪಿನ ಚುಕ್ಕೆಗೇ ಬೀಳಲಿ ಅಂತ ಅದು ಇರೋದು. ಜಾಲರಿಗೆ ಅಯಸ್ಕಾಂತ ಅಂಟಿಕೊಂಡರೆ ಕೆಂಪಿನದು ಹೋಗಿ ಹಸಿರಿಗೆ ಬೀಳುತ್ತೆ. ಚಿಕ್ಕವನಿದ್ದಾಗ ನಮ್ಮೂರಲ್ಲಿ ಒಬ್ಬ ಹುಡುಗ ಕೆಟ್ಟ ರೇಡಿಯೋದ ಸ್ಪೀಕರ್ ಮ್ಯಾಗ್ನೆಟ್ ತಂದು ಪಕ್ಕದ ಮನೆ ಕಲರ್ ಟಿವಿಗೆ ಹಚ್ಚಿದ. ನ್ಯೂಸ್ ಓದುವವರ ಕೆನ್ನೆ ಹಸಿರಾಯ್ತು. ತೆಗೆದರೂ ಹಸಿರೇ. ಅವನ ಕೆನ್ನೆ ಕೆಂಪಾಗಿದ್ದು ಆಮೇಲೆ. ಕಪ್ಪುಬಿಳುಪು ಟಿವಿಯಲ್ಲಿ ಆ ಜಾಲರಿ ಇಲ್ಲ, ಚಿತ್ರ ಸೊಟ್ಟ ಆಗಿ ಮ್ಯಾಗ್ನೆಟ್ ತೆಗೆದರೆ ಸರಿ ಹೋಗುತ್ತೆ, ಆ ಹುಡುಗ ಅದನ್ನ ನೋಡಿ ಧೈರ್ಯ ಮಾಡಿದ್ದ.

ಇದಕ್ಕೆ ಮದ್ದು ಡೀಗಾಸ್. ಮಾನಿಟರ್ ಆನ್ ಮಾಡಿದಾಗ "ಡುಂಯ್" ಅಂತ ಸದ್ದು ಬಂದು ಚಿತ್ರ ಒಂದು ಸಲ ಕುಣಿಯುತ್ತಿತ್ತಲ್ಲ, ಅದೇ. ಟ್ಯೂಬಿನ ಸುತ್ತ ಒಂದು ಸುರುಳಿ, ಅದಕ್ಕೆ ಮೇನ್ಸ್ ಕರೆಂಟು ಜೋರಾಗಿ ಕೊಟ್ಟು ನಿಧಾನಕ್ಕೆ ಕಮ್ಮಿ ಮಾಡೋದು. ಹಿಂದೆ ಮುಂದೆ ಹಿಂದೆ ಮುಂದೆ ಅಂತ ಅಯಸ್ಕಾಂತ ತಿರುಗಿ ತಿರುಗಿ ಸುಸ್ತಾಗಿ ಸೊನ್ನೆಗೆ ಬರುತ್ತೆ. ಕಮ್ಮಿ ಮಾಡೋ ಕೆಲಸ ಬಿಸಿಯಾದಷ್ಟೂ ಕರೆಂಟು ತಡೆಯುವ ಒಂದು ಸಣ್ಣ ಬಿಲ್ಲೆಯದು. ಅದು ತಣ್ಣಗಾಗೋ ತನಕ ಮತ್ತೆ ಮತ್ತೆ ಒತ್ತಿದರೆ ಪ್ರಯೋಜನ ಇಲ್ಲ.

ಎರಡನೇದು ನಡುಕ. ಇದಕ್ಕೆ ಡೀಗಾಸ್ ಕೆಲಸ ಮಾಡಲ್ಲ. ಇಲ್ಲಿ ಬಲ ನಿಂತಿಲ್ಲ, ನಮ್ಮ ಎಸಿ ಕರೆಂಟಿನ ಜೊತೆ ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಆಗ್ತಿದೆ. ಮಾನಿಟರ್ 60ರಲ್ಲಿ ಚಿತ್ರ ಬರೀತಿದೆ, ಹೊರಗಿನ ಬಲ 50ರಲ್ಲಿ ತಳ್ಳುತ್ತಿದೆ. ಎರಡರ ವ್ಯತ್ಯಾಸ 10. ಅಂದರೆ ಸೆಕೆಂಡಿಗೆ ಹತ್ತು ಸಲ ಅಕ್ಷರ ನಡುಗುತ್ತೆ. ಚಳಿಗೆ ನಡುಗುವವನು ಕೈಬರಹ ಬರೆದ ಹಾಗೆ. ಸೆಟ್ಟಿಂಗ್ ಬದಲಿಸಿ 75 ಮಾಡಿದರೆ ನಡುಕ 25 ಆಗುತ್ತೆ. ಕಣ್ಣಿಗೆ ನಡುಕ ಅಂತ ಕಾಣದೆ ಅಕ್ಷರ ಮಬ್ಬಾದ ಹಾಗೆ ಕಾಣುತ್ತೆ, ತಲೆನೋವು ಹಾಗೇ ಇರುತ್ತೆ. ಆಮೇಲೆ ನಾನು ಒಂದು ವರ್ಷ ಸೌದಿಯ ದಮ್ಮಾಮಲ್ಲಿದ್ದೆ. ಸೌದಿಯ ಮೇನ್ಸ್ 60 ಸೈಕಲ್, ಉಳಿದ ಕೊಲ್ಲಿ ದೇಶಗಳಲ್ಲಿ ನಮ್ಮ ಊರಿನ ಹಾಗೆ 50. ಅಲ್ಲಿ ಪ್ಯಾನಲ್ ಪಕ್ಕ ಇದ್ದ ಮಾನಿಟರ್ ನಡುಗುತ್ತಿರಲಿಲ್ಲ, ಹಡಗಿನ ಮೇಲೆ ಕೂತ ಹಾಗೆ ನಿಧಾನಕ್ಕೆ ತೂಗುತ್ತಿತ್ತು. 60ಕ್ಕೆ 60, ವ್ಯತ್ಯಾಸ ಹತ್ತಿರ ಹತ್ತಿರ ಸೊನ್ನೆ, ಅದಕ್ಕೆ.

ಇನ್ನು ಕ್ಯಾಂಪಿನ ವಿಷಯಕ್ಕೆ ಬರ್ತೀನಿ. ದುಬೈ ಹತ್ತಿರದ ಒಂದು ಕ್ಯಾಂಪು, ಕಂಪನಿ ಹೆಸರು ಬೇಡ. ನಾನು ಬಂದು ಒಂದೂವರೆ ವರ್ಷ ಆಗಿತ್ತು. ಗೇಟಿನ ಪಕ್ಕ ಟೈಮ್ ಆಫೀಸ್. ಅಲ್ಲಿ ಕೇರಳದ ಒಬ್ಬರು ಟೈಮ್‌ಕೀಪರ್, ಐವತ್ತು ದಾಟಿದ ಮನುಷ್ಯ, ನಾವೆಲ್ಲ ಚೇಟ್ಟ ಅಂತಿದ್ವಿ. ಸೈಟಿನಿಂದ ಬಂದ ಹಾಜರಿ ಹಾಳೆ ನೋಡಿ ಎಲ್ಲರ ಓಟಿ ಗಂಟೆ ಕಂಪ್ಯೂಟರಿಗೆ ಹಾಕೋದು ಅವರ ಕೆಲಸ. ನಮ್ಮ ಪಾಲಿಗೆ ಕ್ಯಾಂಪಲ್ಲಿ ಅವರಿಗಿಂತ ದೊಡ್ಡವರು ಇರಲಿಲ್ಲ. ಬೇಸಿಕ್ ಸಂಬಳದಲ್ಲಿ ಊಟ, ಫೋನು, ಸಾಲದ ಬಡ್ಡಿ. ಊರಿಗೆ ಕಳಿಸೋದು ಅಂದರೆ ಓಟಿನೇ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಡಿಸೆಂಬರಲ್ಲಿ ಅವರ ಮಾನಿಟರ್ ನಡುಗೋಕೆ ಶುರುವಾಯ್ತು. ಐಟಿಯವರು ಬಂದು ಬೇರೆ ಮಾನಿಟರ್ ಇಟ್ಟರು. ಅದೂ ನಡುಗಿತು. ಮತ್ತೊಂದು ತಂದರು, ಅದೂ ಅಷ್ಟೇ. "ಇಲ್ಲಿ ಏನೋ ಗಾಳಿ ಇದೆ" ಅಂತ ಯಾರೋ ತಮಾಷೆ ಮಾಡಿದರು. ಸಂಬಳ ಆದಮೇಲೆ ತಮಾಷೆ ನಿಂತಿತು. ನಮ್ಮ ರೂಮಿನಲ್ಲಿದ್ದ ರಾಯಚೂರಿನ ಮೇಸ್ತ್ರಿ ಅಣ್ಣನಿಗೆ 38 ಗಂಟೆ ಓಟಿ ಇದ್ದದ್ದು 33 ಬಂದಿತ್ತು. ಇನ್ನೂ ನಾಲ್ಕೈದು ಜನಕ್ಕೆ ಹೀಗೇ. ಎಲ್ಲಾ 8 ಹೋಗಿ 3 ಆಗಿತ್ತು, 6 ಹೋಗಿ 5 ಆಗಿತ್ತು. ಅವರ ಹತ್ತಿರ ಜಗಳಕ್ಕೆ ಹೋದರೆ ಪಾಪ ಚೇಟ್ಟ ಕಣ್ಣು ಒರೆಸಿಕೊಂಡು, "ಮೋನೇ, ನೀನೇ ಬಂದು ನೋಡು, ಇದು ಎಂಟೋ ಮೂರೋ ಹೇಳು" ಅಂದರು. ಹೋಗಿ ನೋಡಿದೆ. ನಿಜಕ್ಕೂ ಹೇಳೋಕೆ ಆಗ್ತಿರಲಿಲ್ಲ.

ಆಗ ನನಗೆ ಮೂರು ವಿಷಯ ಒಟ್ಟಿಗೆ ತಲೆಗೆ ಬಂತು. ಒಂದು, ನಡುಕ ಯಾವಾಗಲೂ ಇಲ್ಲ. ಸ್ವಲ್ಪ ಹೊತ್ತು ಇರುತ್ತೆ, ಪಟ್ಟನೆ ನಿಲ್ಲುತ್ತೆ, ಮತ್ತೆ ಶುರುವಾಗುತ್ತೆ. ಮಾನಿಟರೇ ಕೆಟ್ಟಿದ್ದರೆ ಅಥವಾ ಗೋಡೆ ಹಿಂದೆ ದೊಡ್ಡ ಟ್ರಾನ್ಸ್‌ಫಾರ್ಮರ್ ಇದ್ದಿದ್ದರೆ ಹೀಗೆ ಆಟ ಆಡಲ್ಲ. ಎರಡು, ಸಂಜೆ ಬಸ್ಸುಗಳು ಬಂದಮೇಲೆ ಜಾಸ್ತಿ. ಮೂರನೇದೇ ಮುಖ್ಯ. ಇದು ಶುರುವಾಗಿದ್ದು ಚಳಿಗಾಲದಲ್ಲಿ. ಇಲ್ಲಿ ಬೇಸಿಗೆಯಲ್ಲಿ ಯಾರಾದರೂ ಗೀಸರ್ ಹಾಕ್ತಾರಾ? ಮೇಲಿನ ಟ್ಯಾಂಕಿನ ನೀರೇ ಕುದೀತಿರುತ್ತೆ, ತಣ್ಣೀರು ಬೇಕು ಅಂದರೆ ಬಕೆಟಲ್ಲಿ ರಾತ್ರಿಯೇ ಹಿಡಿದಿಡಬೇಕು. ಡಿಸೆಂಬರ್ ಬಂದಮೇಲೆ ಗೀಸರ್ ಸ್ವಿಚ್ ನೆನಪಾಗೋದು. ಗೀಸರ್‌ನ ಥರ್ಮೋಸ್ಟಾಟ್ ಏನು ಮಾಡುತ್ತೆ? ಸ್ವಲ್ಪ ಹೊತ್ತು ಆನ್, ಬಿಸಿಯಾದರೆ ಆಫ್, ತಣ್ಣಗಾದರೆ ಮತ್ತೆ ಆನ್.

ಇನ್ನೊಂದು ಮಾತು ಕಿವಿಯಲ್ಲಿತ್ತು. ಸ್ನಾನದ ಬ್ಲಾಕಲ್ಲಿ ನಲ್ಲಿ ಮುಟ್ಟಿದರೆ ಜುಂ ಅನ್ನುತ್ತೆ ಅಂತ ಹುಡುಗರು ಹೇಳ್ತಿದ್ದರು. ಕಂಪ್ಲೇಂಟ್ ರಿಜಿಸ್ಟರಲ್ಲಿ ಯಾರೋ ಹಿಂದಿಯಲ್ಲಿ, ಯಾರೋ ಮುರುಕು ಇಂಗ್ಲಿಷಲ್ಲಿ ಬರೆದಿದ್ದರು. ಅದರ ಮುಂದೆ ಯಾರ ಸಹಿಯೂ ಬಿದ್ದಿರಲಿಲ್ಲ. ಮಾನಿಟರಿಗೆ ಒಂದೇ ತಿಂಗಳಲ್ಲಿ ಮೂರು ಸಲ ಆಳು ಬಂದಿದ್ದರು.

ಕ್ಲ್ಯಾಂಪ್ ಮೀಟರ್ ತಗೊಂಡು ಹೋದೆ. ಎಲೆಕ್ಟ್ರಿಷಿಯನ್ ಅಲ್ಲದವರಿಗೆ ಹೇಳ್ತೀನಿ, ಇದು ಏಡಿ ಕೊಂಬಿನ ಥರ ಬಾಯಿ ಇರುವ ಮೀಟರ್. ವೈರ್ ಕತ್ತರಿಸೋದು ಬೇಡ, ಬಾಯಿ ತೆರೆದು ಸುತ್ತ ಹಾಕಿದರೆ ಒಳಗೆ ಎಷ್ಟು ಆಂಪಿಯರ್ ಹರೀತಿದೆ ಅಂತ ತೋರಿಸುತ್ತೆ. ಇದೂ ಅಯಸ್ಕಾಂತದ ಬಲವನ್ನೇ ಅಳೆಯೋದು. ಒಂದೇ ವೈರಿಗೆ ಹಾಕಿದರೆ ಆ ವೈರಿನ ಕರೆಂಟು. ಆದರೆ ಮೂರು ಫೇಸು, ನ್ಯೂಟ್ರಲ್ ನಾಲ್ಕನ್ನೂ ಒಟ್ಟಿಗೆ ಬಾಯೊಳಗೆ ಹಿಡಿದರೆ ಸೊನ್ನೆ ತೋರಿಸಬೇಕು. ಹೋದದ್ದೆಲ್ಲ ಅದೇ ದಾರಿಯಲ್ಲಿ ವಾಪಸ್ ಬಂತು ಅಂತ ಅರ್ಥ. ಸ್ನಾನದ ಬ್ಲಾಕಿಗೆ ಹೋಗುವ ನಾಲ್ಕು ಕೇಬಲ್ ಒಟ್ಟಿಗೆ ಹಿಡಿದೆ. 13 ಆಂಪಿಯರ್! ಐದಾರು ನಿಮಿಷ ಆದಮೇಲೆ ಸೊನ್ನೆಗೆ ಬಿತ್ತು. ಮತ್ತೆ 13. ಮೂರು ಕಿಲೋವಾಟಿನ ಒಂದು ಗೀಸರ್ 230 ವೋಲ್ಟಿಗೆ ಎಳೆಯೋದು ಸರಿಯಾಗಿ 13 ಆಂಪಿಯರ್.

ಹೋದ 13 ಆಂಪಿಯರ್ ನ್ಯೂಟ್ರಲ್‌ನಲ್ಲಿ ವಾಪಸ್ ಬರ್ತಾ ಇಲ್ಲ ಅಂದರೆ ಎಲ್ಲಿ ಬರ್ತಿದೆ? ಅರ್ಥ್ ವೈರಿಗೆ ಕ್ಲ್ಯಾಂಪ್ ಹಾಕಿದೆ, 5. ನೀರಿನ ಕಬ್ಬಿಣದ ಪೈಪಿಗೆ ಹಾಕಿದೆ, 8. ಆ ಪೈಪು ಸ್ನಾನದ ಬ್ಲಾಕಿನಿಂದ ಪಂಪ್ ರೂಮಿಗೆ ಹೋಗುವ ದಾರಿಯಲ್ಲಿ ಟೈಮ್ ಆಫೀಸಿನ ಹೊರಗೋಡೆಗೆ ಒತ್ತಿಕೊಂಡು ಹೋಗಿತ್ತು. ಗೋಡೆಯ ಒಳಗಡೆ ಚೇಟ್ಟನ ಮೇಜು. ಪೈಪಿಗೂ ಮಾನಿಟರಿಗೂ ಒಂದು ಮೀಟರ್ ಅಂತರ.

ಇಲ್ಲಿ ಒಂದು ಸಣ್ಣ ಲೆಕ್ಕ ಇದೆ, ನನಗೆ ಬಹಳ ಇಷ್ಟದ್ದು, ಹೇಳಿಬಿಡ್ತೀನಿ. ಒಂಟಿಯಾಗಿ ಹರಿಯುವ ಕರೆಂಟಿನ ಅಯಸ್ಕಾಂತದ ಬಲ ಬೇಕಾದರೆ ಆಂಪಿಯರನ್ನ 0.2ರಿಂದ ಗುಣಿಸಿ, ಎಷ್ಟು ಮೀಟರ್ ದೂರವೋ ಅದರಿಂದ ಭಾಗಿಸಿ. ಉತ್ತರ ಮೈಕ್ರೋಟೆಸ್ಲಾದಲ್ಲಿ. 8 ಆಂಪಿಯರ್, 1 ಮೀಟರ್ ದೂರ, ಅಂದರೆ 1.6. ಮಾಮೂಲಿ ಮಾನಿಟರಿಗೆ ಸುಮಾರು 1 ಮೈಕ್ರೋಟೆಸ್ಲಾ ಎಸಿ ಬಲ ಬಂದರೆ ನಡುಕ ಕಣ್ಣಿಗೆ ಕಾಣೋಕೆ ಶುರು. ಭೂಮಿಯದೇ ಅಯಸ್ಕಾಂತದ ಬಲ 25ರಿಂದ 65 ಮೈಕ್ರೋಟೆಸ್ಲಾ ಇದೆ. ಆದರೆ ಅದು ನಿಂತ ಬಲ, ಚಿತ್ರವನ್ನ ಒಂದು ಕಡೆಗೆ ಸರಿಸಿ ಸುಮ್ಮನಾಗುತ್ತೆ, ನಡುಗಿಸಲ್ಲ.

ಈಗ ಇದಕ್ಕೆ ಹೋಲಿಸಿ. ಫೇಸು ನ್ಯೂಟ್ರಲ್ ಎರಡೂ ಒಂದು ಸೆಂಟಿಮೀಟರ್ ಅಂತರದಲ್ಲಿ ಜೊತೆಯಾಗಿ ಹೋಗ್ತಿವೆ, ಒಳಗೆ 100 ಆಂಪಿಯರ್ ಇದೆ ಅಂದುಕೊಳ್ಳಿ. ಒಂದು ಮೀಟರ್ ದೂರದಲ್ಲಿ ಅದರ ಬಲ ಬರೀ 0.2 ಮೈಕ್ರೋಟೆಸ್ಲಾ. ಹೋಗುವ ಕರೆಂಟಿನ ಬಲವನ್ನ ಬರುವ ಕರೆಂಟು ಅಳಿಸಿಬಿಡುತ್ತೆ. ಜೊತೆಯಲ್ಲಿರುವ ನೂರಕ್ಕಿಂತ ದಾರಿ ತಪ್ಪಿದ ಎಂಟು ಆಂಪಿಯರ್ ಎಂಟು ಪಟ್ಟು ಜೋರು. ಅದಕ್ಕೇ ಮಾನಿಟರ್ ನಡುಗಿದರೆ ಗೋಡೆಯೊಳಗೆ ದೊಡ್ಡ ಕೇಬಲ್ ಇದೆಯಾ ಅಂತ ಹುಡುಕೋದಕ್ಕಿಂತ, ದಾರಿ ತಪ್ಪಿದ ಕರೆಂಟು ಎಲ್ಲಿದೆ ಅಂತ ಹುಡುಕಬೇಕು. ಮಾನಿಟರಿಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತೋರನ್ನೂ ನಾನು ನೋಡಿದ್ದೀನಿ. ಬಿರಿಯಾನಿ ಬಿಸಿಯಾಗಿರುತ್ತೆ ಅಷ್ಟೇ. 50 ಸೈಕಲಿನ ಅಯಸ್ಕಾಂತದ ಬಲಕ್ಕೆ ತೆಳು ಫಾಯಿಲ್, ಇಟ್ಟಿಗೆ ಗೋಡೆ ಯಾವ ಲೆಕ್ಕಕ್ಕೂ ಇಲ್ಲ. ಅದನ್ನ ತಡೆಯೋಕೆ ನಿಕ್ಕಲ್ ಕಬ್ಬಿಣ ಸೇರಿಸಿದ ಮ್ಯೂ-ಮೆಟಲ್ ಅನ್ನುವ ದುಬಾರಿ ತಗಡು ಬೇಕು, ಇಲ್ಲಾಂದರೆ ದೂರ ಹೋಗಬೇಕು.

ಗೀಸರ್‌ಗಳು ಆರು ಇದ್ದವು. ರಾಯಚೂರಿನ ಅಣ್ಣನನ್ನ ಟೈಮ್ ಆಫೀಸಲ್ಲಿ ಚೇಟ್ಟನ ಪಕ್ಕ ಕೂರಿಸಿ, ಫೋನ್ ಕೈಲಿ ಹಿಡಿದು ನಾನು ಒಂದೊಂದೇ ಗೀಸರ್ ಸ್ವಿಚ್ ಆಫ್ ಮಾಡ್ತಾ ಹೋದೆ. "ನಡುಗಾಕತ್ತೇತಿ... ನಡುಗಾಕತ್ತೇತಿ..." ಅಂತ ಹೇಳ್ತಾ ಇದ್ದ ಅಣ್ಣ, ನಾಲ್ಕನೇದಕ್ಕೆ "ಏ, ನಿಂತ್ ನೋಡಪಾ!" ಅಂದ. ಮತ್ತೆ ಆನ್ ಮಾಡಿದೆ. "ಹೊಳ್ಳಿ ಸುರುವಾತು." ಲಕ್ಷಗಟ್ಟಲೆ ಬೆಲೆಯ ಮೀಟರಿನಿಂದ ಇದಕ್ಕಿಂತ ಚೆನ್ನಾಗಿ ಹುಡುಕೋಕೆ ಆಗ್ತಿರಲಿಲ್ಲ.

ಮೇನ್ ತೆಗೆದು, ಟೆಸ್ಟರ್ ಹಾಕಿ ಕರೆಂಟಿಲ್ಲ ಅಂತ ನೋಡಿಕೊಂಡು ಆ ಗೀಸರಿನ ಬಾಕ್ಸ್ ಬಿಚ್ಚಿದೆ. ನ್ಯೂಟ್ರಲ್ ವೈರ್ ಪೈಪೊಳಗೆ ಎಲ್ಲೋ ತುಂಡಾಗಿತ್ತು. ಯಾರೋ ಹೊಸ ವೈರ್ ಎಳೆಯೋ ಬದಲು ಅರ್ಥ್ ವೈರನ್ನೇ ನ್ಯೂಟ್ರಲ್ ಜಾಗಕ್ಕೆ ಕೊಟ್ಟು, ಬಾಡಿಗೂ ಅದನ್ನೇ ಸೇರಿಸಿದ್ದರು. ಹಾಗೆ ಮಾಡಿದರೆ ಇಎಲ್‌ಸಿಬಿ ನಿಲ್ಲಲ್ಲ. ಅದರ ಕೆಲಸವೇ ಹೋದದ್ದು ವಾಪಸ್ ಬಂತಾ ಅಂತ ನೋಡೋದು. 30 ಮಿಲಿಆಂಪಿಯರ್ ವ್ಯತ್ಯಾಸಕ್ಕೇ ಬೀಳುವ ಜಾತಿ ಅದು, ಇಲ್ಲಿ ವ್ಯತ್ಯಾಸ 13 ಆಂಪಿಯರ್. ಡಿಬಿ ಮುಚ್ಚಳ ತೆಗೆದು ನೋಡಿದರೆ ನಾನು ಅಂದುಕೊಂಡ ಹಾಗೇ ಇಎಲ್‌ಸಿಬಿಯನ್ನ ಬಿಟ್ಟು ಡೈರೆಕ್ಟ್ ಮಾಡಿದ್ದರು. ಮುಂದುಗಡೆ ಲಿವರ್ ಮಾತ್ರ ಚೆಂದಕ್ಕೆ ಮೇಲೆ ನಿಂತಿತ್ತು. ಮಾಡಿದವನನ್ನ ಬೈಯೋದು ಸುಲಭ. ಅವನಿಗೂ ಒಬ್ಬ ಫೋರ್‌ಮನ್ "ಅರ್ಧ ಗಂಟೆಯಲ್ಲಿ ಬಿಸಿನೀರು ಬರಬೇಕು" ಅಂದಿರ್ತಾನೆ. ಆದರೂ ಇಎಲ್‌ಸಿಬಿ ಡೈರೆಕ್ಟ್ ಮಾಡಿದ್ದನ್ನ ನಾನು ಒಪ್ಪಲ್ಲ. ವೈರ್ ತಪ್ಪು ಕೊಡೋದು ಬೇರೆ, ತಪ್ಪು ಹೇಳುವ ಬಾಯಿಗೇ ಬಟ್ಟೆ ತುರುಕೋದು ಬೇರೆ.

ಆ ನಲ್ಲಿಗೂ ನೆಲದ ಜಾಲರಿಗೂ ಮೀಟರ್ ಇಟ್ಟು ನೋಡಿದ್ದೆ, ಸುಮಾರು 10 ವೋಲ್ಟ್. ಒದ್ದೆ ಮೈಗೆ ಜುಂ ಅನ್ನೋಕೆ ಅಷ್ಟು ಸಾಕು. ಹತ್ತೇ ಇತ್ತು ಯಾಕೆಂದರೆ ಪೈಪು, ಅರ್ಥ್ ವೈರು ಎರಡೂ ಸೇರಿ ಕರೆಂಟನ್ನ ಸಾಗಿಸ್ತಿದ್ದವು. ಅರ್ಥ್ ಜಾಯಿಂಟ್ ಇಲ್ಲಿನ ಉಪ್ಪು ಗಾಳಿಗೆ ಹಸಿರು ಹಿಡಿದು ಸಡಿಲ ಆಗಿತ್ತು. ಮುಂದಿನ ವಾರ ಆ ತುಕ್ಕು ಪೈಪನ್ನ ತೆಗೆದು ಪ್ಲಾಸ್ಟಿಕ್ ಪೈಪ್ ಹಾಕೋ ಕೆಲಸ ಪ್ಲಂಬರ್‌ಗಳ ಪಟ್ಟಿಯಲ್ಲಿತ್ತು. ಕಬ್ಬಿಣದ ಪೈಪ್ ಹೋಗಿ ಪ್ಲಾಸ್ಟಿಕ್ ಬಂತು, ಆಮೇಲೆ ಒಂದು ದಿನ ಆ ಹಸಿರು ಜಾಯಿಂಟೂ ಬಿಟ್ಟಿತು ಅಂದುಕೊಳ್ಳಿ. ಗೀಸರ್ ಕಾಯಿಲಿನ ಮೂಲಕ ಬಂದ ಕರೆಂಟಿಗೆ ವಾಪಸ್ ಹೋಗೋಕೆ ದಾರಿಯೇ ಇಲ್ಲ. ಗೀಸರ್ ಬಾಡಿ, ಅದಕ್ಕೆ ಸೇರಿದ ಪೈಪು, ನಲ್ಲಿ, ಶವರ್ ಎಲ್ಲಾ 230 ವೋಲ್ಟ್. ಇಎಲ್‌ಸಿಬಿ ಇಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಸಾಲಲ್ಲಿ ನಿಂತು ನಾವೆಲ್ಲ ಸ್ನಾನ ಮಾಡ್ತಿದ್ದದ್ದು ಅಲ್ಲೇ.

ಗೀಸರ್ ಸ್ವಿಚ್ ತೆಗೆದು ಟೇಪ್ ಸುತ್ತಿ ಡಿಬಿಗೆ ಚೀಟಿ ಅಂಟಿಸಿದೆ. ಫೋರ್‌ಮನ್‌ಗೆ ಕೋಪ ಬಂತು. "ಒಂದು ಗೀಸರ್ ನಿಂತರೆ ಹುಡುಗರು ಗಲಾಟೆ ಮಾಡ್ತಾರೆ, ಹಾಕು ಭಾಯ್. ಆಫೀಸಿಗೆ ಫ್ಲಾಟ್ ಮಾನಿಟರ್ ತರಿಸ್ತೀನಿ, ಅದು ನಡುಗಲ್ಲ" ಅಂದ. ಅವನು ಹೇಳಿದ್ದು ಸುಳ್ಳಲ್ಲ. ಎಲ್‌ಸಿಡಿಯಲ್ಲಿ ಬಾಗಿಸೋಕೆ ಧಾರೆಯೇ ಇಲ್ಲ. ಪೈಪಲ್ಲಿ ಎಂಟಲ್ಲ, ಎಂಬತ್ತು ಆಂಪಿಯರ್ ಹೋದರೂ ಅದು ಅಕ್ಷರ ನೆಟ್ಟಗೆ ತೋರಿಸುತ್ತೆ. ಮಾನಿಟರ್ ನೆಟ್ಟಗಾಗ್ತಿತ್ತು, ಕರೆಂಟು ಪೈಪಲ್ಲೇ ಇರ್ತಿತ್ತು, ಚೀಟಿ ಕಿತ್ತು ಬಿಸಾಕ್ತಿದ್ದರು.

"ನಾನು ಹಾಕಲ್ಲ, ಹಾಕೋದಾದರೆ ನೀವೇ ಬರೆದು ಸಹಿ ಮಾಡಿ ಕೊಡಿ" ಅಂದೆ. ಜೋರಾಗಿ ಅಂದೆ ಅಂತ ತಿಳ್ಕೋಬೇಡಿ. ಊರಲ್ಲಿ ಏಜೆಂಟಿನ ಸಾಲ ಇನ್ನೂ ತೀರಿರಲಿಲ್ಲ, ಗಂಟಲು ಒಣಗಿತ್ತು. ಕೆಲಸ ಆಗಿದ್ದು ನನ್ನ ಮಾತಿನಿಂದಲ್ಲ, ಚೇಟ್ಟನಿಂದ. ಅವರು ತಪ್ಪಿದ ಓಟಿ ಹಾಳೆಗಳನ್ನೆಲ್ಲ ಒಟ್ಟು ಮಾಡಿ, ಪಕ್ಕದಲ್ಲಿ ಕಂಪ್ಲೇಂಟ್ ರಿಜಿಸ್ಟರ್ ಇಟ್ಟುಕೊಂಡು ಕ್ಯಾಂಪ್ ಮ್ಯಾನೇಜರ್ ಹತ್ತಿರ ಹೋದರು. "ಲೆಕ್ಕ ತಪ್ಪಿದ್ದು ನನ್ನ ಕಣ್ಣಿನಿಂದಲ್ಲ ಸಾರ್, ಈ ಪೈಪಿನಿಂದ. ಇದೇ ಪೈಪು ಹುಡುಗರಿಗೆ ಶಾಕ್ ಕೊಡ್ತಿದೆ ಅಂತ ಎರಡು ತಿಂಗಳಿಂದ ಇಲ್ಲಿ ಬರೆದಿದೆ" ಅಂದರಂತೆ. ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟಮೇಲೆ ಮ್ಯಾನೇಜರ್‌ಗೆ ಒಂದನ್ನ ಬಿಟ್ಟು ಒಂದನ್ನ ನೋಡೋಕೆ ಆಗಲಿಲ್ಲ. ಶುಕ್ರವಾರ ಅರ್ಧ ದಿನ ಶಟ್‌ಡೌನ್ ಕೊಟ್ಟರು. ಹೊಸ ಮೂರು ಕೋರ್ ಕೇಬಲ್ ಮೇಲಿನಿಂದ ಎಳೆದು, ಇಎಲ್‌ಸಿಬಿ ಹೊಸದು ಹಾಕಿ, ಅರ್ಥ್ ಜಾಯಿಂಟ್ ಉಜ್ಜಿ ಬಿಗಿ ಮಾಡಿದ್ವಿ. ನಾಲ್ಕೂ ಕೇಬಲಿಗೆ ಕ್ಲ್ಯಾಂಪ್ ಹಾಕಿದರೆ ಸೊನ್ನೆ ಚುಕ್ಕಿ ಒಂದು. ಪ್ಲಂಬರ್‌ಗಳು ಪೈಪ್ ಬಿಚ್ಚಿದ್ದು ಅದಾದಮೇಲೆ. ರಾಯಚೂರಿನ ಅಣ್ಣನಿಗೆ ಐದು ಗಂಟೆಯ ದುಡ್ಡು ಮುಂದಿನ ತಿಂಗಳು ಸೇರಿ ಬಂತು. ಇನ್ನಿಬ್ಬರದು ಬರಲಿಲ್ಲ, ಅವರ ಹಾಜರಿ ಹಾಳೆಯೇ ಸಿಗಲಿಲ್ಲ.

ಈಗ ಡುಬ್ಬದ ಮಾನಿಟರ್ ಎಲ್ಲೂ ಇಲ್ಲ. ತಲೆನೋವು ಹೋಯ್ತು, ಕರೆಂಟ್ ಬಿಲ್ಲೂ ಕಮ್ಮಿ, ಒಳ್ಳೇದೇ. ಆದರೆ ದಾರಿ ತಪ್ಪಿದ ಕರೆಂಟು ಕಮ್ಮಿ ಆಗಿಲ್ಲ. ನ್ಯೂಟ್ರಲ್ ಮೇಲಿನ ಭಾರ ಇನ್ನೂ ಹೆಚ್ಚಾಗಿದೆ. ಎಲ್‌ಇಡಿ ಲೈಟು, ಕಂಪ್ಯೂಟರ್, ಚಾರ್ಜರ್ ಇವೆಲ್ಲ ಕರೆಂಟನ್ನ ಒಂದೇ ಸಮ ಎಳೆಯಲ್ಲ, ತುಂಡುತುಂಡಾಗಿ ಎಳೆಯುತ್ತವೆ. ಅದರಿಂದ ಹುಟ್ಟುವ 150 ಸೈಕಲಿನ ಪಾಲು ಮೂರು ಫೇಸಿನದೂ ನ್ಯೂಟ್ರಲ್‌ನಲ್ಲಿ ಕಳೆಯೋ ಬದಲು ಕೂಡುತ್ತೆ. ಫೇಸುಗಳಲ್ಲಿ ಇರೋದಕ್ಕಿಂತ ನ್ಯೂಟ್ರಲ್‌ನಲ್ಲಿ ಜಾಸ್ತಿ ಹರಿಯುವ ಕಟ್ಟಡಗಳಿವೆ. ಐಟಿಐನಲ್ಲಿ ನಮಗೆ ಮೂರು ಫೇಸು ಸಮ ಇದ್ದರೆ ನ್ಯೂಟ್ರಲ್ ಸೊನ್ನೆ ಅಂತ ಬರೆಸಿದ್ದರು. ಮೋಟಾರು, ಹೀಟರ್ ಕಾಲಕ್ಕೆ ಅದು ಸರಿ. ಈಗ ನೆಚ್ಚಿಕೊಳ್ಳೋ ಹಾಗಿಲ್ಲ.

ನಾನು ಈಗ ಯಾವ ಹೊಸ ಸೈಟಿಗೆ, ಕ್ಯಾಂಪಿಗೆ ಹೋದರೂ ಮೊದಲ ದಿನ ಎರಡು ಕೆಲಸ ಮಾಡ್ತೀನಿ. ಡಿಬಿಯ ಮುಖ್ಯ ಕೇಬಲ್‌ಗಳನ್ನೆಲ್ಲ ಒಟ್ಟಿಗೆ ಕ್ಲ್ಯಾಂಪಲ್ಲಿ ಹಿಡೀತೀನಿ. ಇಎಲ್‌ಸಿಬಿಯ ಟೆಸ್ಟ್ ಬಟನ್ ಒತ್ತುತೀನಿ. ಹತ್ತು ನಿಮಿಷದ ಕೆಲಸ. ಇಲ್ಲಿರುವ ಎಲೆಕ್ಟ್ರಿಷಿಯನ್ ತಮ್ಮಂದಿರು ಟೆಸ್ಟರ್ ಒಂದನ್ನೇ ನಂಬಬೇಡಿ. ಟೆಸ್ಟರ್ ಕರೆಂಟು ಇದೆ ಅನ್ನುತ್ತೆ, ದಾರಿ ತಪ್ಪಿದೆ ಅಂತ ಹೇಳಲ್ಲ.

ಮಾತು ಮುಗಿದಮೇಲೆ ಒಬ್ಬ ಹುಡುಗ ಎದ್ದು, "ಅಣ್ಣಾ, ನಾವು ವಿಲ್ಲಾದಲ್ಲಿ ಪಾರ್ಟಿಷನ್ ಹಾಕ್ಕೊಂಡು ಹದಿನಾಲ್ಕು ಜನ ಇದ್ದೀವಿ. ಕಿಚನ್ ಸಿಂಕ್ ಮುಟ್ಟಿದರೆ ಒಂದೊಂದು ಸಲ ಜುಂ ಅನ್ನುತ್ತೆ, ಕಂಪ್ಲೇಂಟ್ ಮಾಡಿದರೆ ಮನೆಯಿಂದ ಎಬ್ಬಿಸ್ತಾರೆ ಅನ್ನೋ ಭಯ, ಏನು ಮಾಡೋದು?" ಅಂತ ಕೇಳಿದ. ಅವನಿಗೆ ಅಲ್ಲೇ ಹೇಳಿದ್ದನ್ನ ಇಲ್ಲೂ ಬರೀತೀನಿ. ಯಾವ ಮೆಷಿನ್ ಹಾಕಿದಾಗ ಜುಂ ಅನ್ನುತ್ತೆ ಅಂತ ಗಮನಿಸು, ವಾಷಿಂಗ್ ಮೆಷಿನ್ನೋ, ಗೀಸರ್ರೋ, ಅದರ ಪ್ಲಗ್ ತೆಗೆದಿಡು, ಮತ್ತೆ ಹಾಕಬೇಡ. ಚಪ್ಪಲಿ ಇಲ್ಲದೆ ಒದ್ದೆ ಕಾಲಲ್ಲಿ ಸಿಂಕ್ ಮುಟ್ಟಬೇಡ, ಹದಿನಾಲ್ಕು ಜನಕ್ಕೂ ಹೇಳು. ಡಿಬಿ ನೀನು ಬಿಚ್ಚಬೇಡ. ಬರುವ ಶುಕ್ರವಾರ ನಾನು ಮೀಟರ್ ತಗೊಂಡು ಬರ್ತೀನಿ, ಓನರ್‌ಗೆ ನಾನೇ ಮಾತಾಡ್ತೀನಿ.

ಹೋಗಿದ್ದೆ. ವಾಷಿಂಗ್ ಮೆಷಿನ್ನಿನ ಮೂರು ಪಿನ್ನಿನ ಪ್ಲಗ್ ಕತ್ತರಿಸಿ ಎರಡು ಪಿನ್ ಹಾಕಿದ್ದರು, ಅರ್ಥ್ ವೈರ್ ಹೊರಗೆ ನೇತಾಡ್ತಿತ್ತು. ಹದಿನೈದು ದಿರಮ್ ಖರ್ಚು, ಚಹಾ ಅವರೇ ಕೊಡಿಸಿದರು.